ಮುಟ್ಟಿಗೆ ಮುಂಚಿನ ವಾರ ಮನಸ್ಸು ಕುಸಿಯುವುದು ಕಾಯಿಲೆಯೇ?

ಮುಟ್ಟಿಗೆ ವಾರ ಮುಂಚೆ ವಿಪರೀತ ಸಿಟ್ಟು, ಅಳು. ಮುಟ್ಟಾದ ಮೇಲೆ ಎಲ್ಲ ಸರಿ. ಇದು ಬರೀ ಹಾರ್ಮೋನ್ ಏರುಪೇರಾ ಎಂದು ಕೇಳಿದ್ದೀರಿ.

ಸ್ವಲ್ಪ ಕಿರಿಕಿರಿ ಬಹಳ ಜನಕ್ಕೆ ಇರುತ್ತದೆ. ಕೆಲಸ, ಸಂಬಂಧ ಕೆಡುವಷ್ಟು ಜಾಸ್ತಿಯಾದರೆ ಅದು ಪಿಎಂಡಿಡಿ, ಅಂದರೆ ಮುಟ್ಟಿಗೆ ಮುಂಚೆ ಮನಸ್ಸು ತೀವ್ರವಾಗಿ ಕೆಡುವ ಕಾಯಿಲೆ, ಇರಬಹುದು. 2013ರಲ್ಲಿ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರು ಮಾನಸಿಕ ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ) ಇದನ್ನು ಖಿನ್ನತೆಯ ಗುಂಪಿಗೆ ಸೇರಿಸಿತು. ವಿಚಿತ್ರ ಏನೆಂದರೆ, ರಕ್ತ ಪರೀಕ್ಷೆಯಲ್ಲಿ ಹಾರ್ಮೋನ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಅಂಡ ಬಿಡುಗಡೆಯಾದ ನಂತರದ ಸಹಜ ಏರಿಳಿತವನ್ನೇ ಮಿದುಳು ತಡೆದುಕೊಳ್ಳುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗದ ಕಾರಣ, ಮೊದಲು ಮನಸ್ಸು ಹೇಗಿತ್ತೆಂದು ಡೈರಿ ಬರೆಯಿರಿ. ಎರಡು ತಿಂಗಳು, ದಿನಾ ಎರಡು ಸಾಲು ಸಾಕು. ತಿಂಗಳಿಡೀ ಬೇಸರವಿದ್ದು ಆ ವಾರ ಜಾಸ್ತಿಯಾಗುತ್ತಿದ್ದರೆ ತೊಂದರೆ ಬೇರೆಯೇ ಇರಬಹುದು.

ಚಿಕಿತ್ಸೆಗೆ ಮೊದಲು ಕೊಡುವುದು ಫ್ಲುಯೊಕ್ಸೆಟಿನ್, ಸರ್ಟ್ರಲೀನ್ ಥರದ ಮಾತ್ರೆ. ಖಿನ್ನತೆಗೆ ಇವು ಕೆಲಸ ಮಾಡಲು ವಾರಗಳೇ ಬೇಕು. ಇಲ್ಲಿ ಕೆಲವೇ ದಿನ ಸಾಕಾಗುತ್ತದೆ. ಅದಕ್ಕೇ ಕೆಲವರಿಗೆ ಮುಟ್ಟಿಗೆ ಮುಂಚಿನ 14 ದಿನ ಮಾತ್ರ ಕೊಡುತ್ತಾರೆ. ಡ್ರೊಸ್ಪಿರೆನೋನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಇನ್ನೊಂದು ದಾರಿ. ಯಾವುದನ್ನೂ ಸುಮ್ನೆ ಮೆಡಿಕಲ್ ಶಾಪ್‌ನಿಂದ ತಂದು ನುಂಗಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಸಾಯಬೇಕು ಅನ್ನಿಸಿದರೆ ಮಾತ್ರ ಡೈರಿ ಮುಗಿಯಲಿ ಎಂದು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.