ಫ್ರಾಂಕ್ ಜಾನ್ಸನ್ ‘ಕಿಂಗ್ ಕಡೆಯ ಜಡ್ಜ್’ ಆಗಿರಲಿಲ್ಲ

ಪ್ರಶ್ನೆ: ಅಮೆರಿಕದ ಅಲಬಾಮಾ ರಾಜ್ಯದಲ್ಲಿದ್ದ ಫೆಡರಲ್ (ಕೇಂದ್ರದ ಕೋರ್ಟಿನ) ಜಡ್ಜ್ ಫ್ರಾಂಕ್ ಎಂ. ಜಾನ್ಸನ್, ಮಾರ್ಟಿನ್ ಲೂಥರ್ ಕಿಂಗ್ ಅವರ ಬೆಂಬಲಿಗ ಆಗಿದ್ದಕ್ಕೇ ಸೆಲ್ಮಾ ಮೆರವಣಿಗೆಗೆ ಒಪ್ಪಿಗೆ ಕೊಟ್ಟರಂತೆ. ನಿಜವಾ ಸರ್?

ಉತ್ತರ: ಸುಳ್ಳು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೇಸರ ಆಗುತ್ತದೆ. ಕಿಂಗ್ ಅವರನ್ನು ಮೆಚ್ಚುವ ಭರದಲ್ಲಿ ಜಾನ್ಸನ್ ಅವರ ಜೀವಮಾನದ ಕೆಲಸವನ್ನೇ ನಾವು ಸಣ್ಣದು ಮಾಡುತ್ತಿದ್ದೇವೆ.

ಕಪ್ಪು ಜನರ ಮತದ ಹಕ್ಕಿಗಾಗಿ ಸೆಲ್ಮಾ ಊರಿಂದ ರಾಜಧಾನಿ ಮಾಂಟ್‌ಗೊಮರಿಗೆ ಹೊರಟ ಮೆರವಣಿಗೆ ಅದು. 1965ರ ಮಾರ್ಚ್ 7ರಂದು ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆ ದಾಟಿದವರ ಮೇಲೆ ರಾಜ್ಯದ ಪೊಲೀಸರು ಅಶ್ರುವಾಯು ಬಿಟ್ಟು, ಲಾಠಿ ಬೀಸಿದರು. ಮೆರವಣಿಗೆಯವರು ರಕ್ಷಣೆ ಕೇಳಿ ಜಾನ್ಸನ್ ಕೋರ್ಟಿಗೆ ಹೋದರು. ಅವರು ಮೊದಲು ಕೊಟ್ಟಿದ್ದು ಏನು ಗೊತ್ತಾ? ತಡೆಯಾಜ್ಞೆ! ಅದೂ ಮೆರವಣಿಗೆಗೇ. ವಿಚಾರಣೆ ಮುಗಿಯುವ ತನಕ ಹೊರಡಬೇಡಿ ಅಂದರು. 9ರಂದು ಕಿಂಗ್ ಸೇತುವೆ ದಾಟಿ, ಪ್ರಾರ್ಥನೆ ಮಾಡಿ ವಾಪಸ್ ಬಂದರು. ಬೆಂಬಲಿಗ ಮಾಡುವ ಕೆಲಸವಾ ಇದು?

ಆಮೇಲೆ ದಿನಗಟ್ಟಲೆ ಸಾಕ್ಷಿ ಕೇಳಿದರು. ಸೇತುವೆಯ ಹತ್ತಿರ ನಡೆದ ಹೊಡೆತದ ಟೀವಿ ಚಿತ್ರವನ್ನು ಕೋರ್ಟಿನಲ್ಲೇ ಹಾಕಿಸಿ ನೋಡಿದರು. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ (ಜಿಲ್ಲೆ ಇದ್ದ ಹಾಗೆ) ವೋಟಿನ ವಯಸ್ಸಿನ ಕಪ್ಪು ಜನರೇ ಜಾಸ್ತಿ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದದ್ದು ಅವರಲ್ಲಿ ನೂರಕ್ಕೆ ಸುಮಾರು ಇಬ್ಬರದು. 17ರಂದು ಆದೇಶ ಬಂತು. ರಸ್ತೆ ತುಂಬ ನಡೆಯುವ ಹಕ್ಕು ಮಾಮೂಲಿಯಾಗಿ ಯಾರಿಗೂ ಇಲ್ಲ, ಆದರೆ ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟನೆಯ ಹಕ್ಕೂ ಅಷ್ಟೇ ದೊಡ್ಡದು ಅನ್ನುವುದು ಅದರ ತಿರುಳು. ಹಾಗಂತ ಮನಸ್ಸಿಗೆ ಬಂದಂತೆ ಬಿಡಲಿಲ್ಲ. ಹೆದ್ದಾರಿ ಎರಡೇ ಲೇನ್ ಇರುವ ಕಡೆ 300 ಜನರಿಗಿಂತ ಜಾಸ್ತಿ ನಡೆಯುವಂತಿಲ್ಲ. ತಡೆ ಕೊಟ್ಟವರೂ ಅವರೇ, ಮಿತಿ ಹಾಕಿದವರೂ ಅವರೇ, ಗವರ್ನರ್ ವ್ಯಾಲೇಸ್ ಅವರಿಗೆ ‘ಮೆರವಣಿಗೆ ತಡೆಯಬೇಡಿ, ರಕ್ಷಣೆ ಕೊಡಿ’ ಅಂದವರೂ ಅವರೇ. ಆ ವ್ಯಾಲೇಸ್ ಲಾ ಕಾಲೇಜಿನಲ್ಲಿ ಅವರ ಜೊತೆ ಓದಿದವರು!

ದಯವಿಟ್ಟು ಆ ಆದೇಶ ಓದಿ. ಮೂರು ನಿಮಿಷದ ವಿಡಿಯೊ ನೋಡಿ ಜಡ್ಜ್‌ಗಳ ಮನಸ್ಸು ಓದುವವರನ್ನು ನಂಬಬೇಡಿ. ಈಗಿನ ಜಡ್ಜ್‌ಗಳಿಗೂ ಸುಮ್ನೆ ‘ಅವರ ಕಡೆ, ಇವರ ಕಡೆ’ ಅಂತ ಹಣೆಪಟ್ಟಿ ಹಚ್ಚುವುದು ಇಂಥವರೇ.

ಪ್ರಶ್ನೆ: ಮಾಂಟ್‌ಗೊಮರಿ ಬಸ್ಸುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದನ್ನು ರದ್ದು ಮಾಡಿದ ತೀರ್ಪು ಬಂದಿದ್ದು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ಬಂಧನವಾದ ರೋಸಾ ಪಾರ್ಕ್ಸ್ ಕೇಸಿನಲ್ಲಿ ಅಲ್ವಾ?

ಉತ್ತರ: ಅಲ್ಲ. ಅದು 1956ರ ಬ್ರೌಡರ್ ಕೇಸು. ಆರೆಲಿಯಾ ಬ್ರೌಡರ್, ಕ್ಲಾಡೆಟ್ ಕಾಲ್ವಿನ್ ಮುಂತಾದವರು ಹಾಕಿದ್ದು. ಮೂವರು ಜಡ್ಜ್‌ಗಳ ಪೀಠದಲ್ಲಿ ಜಾನ್ಸನ್ ಮತ್ತು ರೈವ್ಸ್ ಆ ಪದ್ಧತಿ ರದ್ದು ಮಾಡುವ ಕಡೆ, ಲಿನ್ ಅದಕ್ಕೆ ವಿರುದ್ಧ.

ಪ್ರಶ್ನೆ: ಅಷ್ಟು ವಿರೋಧ ಇದ್ದರೂ ಜನ ಜಾನ್ಸನ್ ಅವರನ್ನು ಮುಂದಿನ ಚುನಾವಣೆಯಲ್ಲಿ ಯಾಕೆ ಸೋಲಿಸಲಿಲ್ಲ?

ಉತ್ತರ: ಫೆಡರಲ್ ಜಡ್ಜ್‌ಗೆ ಚುನಾವಣೆಯೇ ಇಲ್ಲ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ನೇಮಿಸಿದ್ದು, ಹುದ್ದೆ ಜೀವಾವಧಿ. ವಿರೋಧಿಗಳು ಬೇರೆ ದಾರಿ ಹಿಡಿದರು. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಬಿತ್ತು. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ.

ಪ್ರಶ್ನೆ: ಅವರು ಎಫ್‌ಬಿಐ ಮುಖ್ಯಸ್ಥರೂ ಆಗಿದ್ದರಾ?

ಉತ್ತರ: ಇಲ್ಲ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಹೆಸರಿಸಿದ್ದರು, ಆರೋಗ್ಯ ಕೆಟ್ಟು ಹಿಂದೆ ಸರಿದರು.