ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ 1972ರ ಫಿಯೆಟ್ ಕೊಳ್ಳಬಹುದೇ? ಕೆಲಸ ಎಲ್ಲಿಂದ ಶುರು ಮಾಡಬೇಕು?

ನೀವು ಬರೆದದ್ದು ಇಷ್ಟು: ಜಮಖಂಡಿ ಹತ್ತಿರದ ತೋಟದ ಶೆಡ್ಡಿನಲ್ಲಿ 1972ರ ಫಿಯೆಟ್ ಇದೆ, ಹತ್ತಿಪ್ಪತ್ತು ವರ್ಷದಿಂದ ಚಾಲೂ ಆಗಿಲ್ಲ. ಮಾಲೀಕರು ತೀರಿಕೊಂಡಿದ್ದಾರೆ, ಮಗ ಕೊಡಲು ತಯಾರಿದ್ದಾರೆ. "ಇಂಜಿನ್ ಜಾಮ್ ಆಗೇದ, ಬಾಡಿ ಏನೂ ತ್ರಾಸಿಲ್ಲ" ಅಂತ ಅವರು ಹೇಳಿದ್ದಾರೆ. ನೀವಿರುವುದು ಬೆಳಗಾವಿಯಲ್ಲಿ, ಮುಂದಿನ ದಸರಾಕ್ಕೆ ಗಾಡಿ ರಸ್ತೆಗೆ ಬರಬೇಕು.

ಇಂಜಿನ್ ಜಾಮ್ ಅಂದರೆ ಹೆದರಬೇಡಿ. ಬಾಡಿ ತ್ರಾಸಿಲ್ಲ ಅಂದರೆ ನಂಬಬೇಡಿ. ಈ ಗಾಡಿಯ ಭವಿಷ್ಯ ಇರುವುದು ಬಾಗಿಲ ಕೆಳಗಿನ ಪತ್ರಾದಲ್ಲಿ, ಅಂದರೆ ತಗಡಿನಲ್ಲಿ.

ಕಾರಣ ಇದು. ಹಳೆಯ ಜೀಪಿಗೆ ಬೇರೆ ಚಾಸಿಸ್ ಇರುತ್ತದೆ. ಮೇಲಿನ ಪತ್ರಾ ಪೂರ್ತಿ ಹೋದರೂ ಬಾಡಿ ಎತ್ತಿಟ್ಟು ಬೇರೆ ಕೂಡಿಸಬಹುದು. ಫಿಯೆಟ್ 1100ಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಸಿಲ್ (ಬಾಗಿಲ ಕೆಳಗಿನ ಉದ್ದ ಪೊಳ್ಳು ಪಟ್ಟಿ), ನೆಲದ ಪತ್ರಾ, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಸಿಕ್ಕಿಸುವ ಬ್ರಾಕೆಟ್ ಇವೇ ಭಾರ ಹೊರುವ ಭಾಗಗಳು. ಇವು ಕೊಳೆತರೆ ಗಾಡಿ ನಡುವೆ ಬಾಗುತ್ತದೆ. ಇಂಜಿನ್ ಹಾಗಲ್ಲ: 1089 ಸಿಸಿ, ನಾಲ್ಕು ಸಿಲಿಂಡರ್, ವಾಲ್ವ್ ತೆರೆಯಲು ಪುಶ್‌ರಾಡ್ ಕಡ್ಡಿ, ಒಂದು ಕಾರ್ಬ್ಯುರೇಟರ್. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಉದ್ಯಮಬಾಗದ ಮಷಿನ್ ಶಾಪುಗಳು ನಿಮ್ಮ ಊರಲ್ಲೇ ಇವೆ.

ನೋಡಲು ಹೋಗುವಾಗ ಸಣ್ಣ ಸುತ್ತಿಗೆ, ಉದ್ದ ಸ್ಕ್ರೂಡ್ರೈವರ್, ಟಾರ್ಚ್, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ನೆಲಕ್ಕೆ ಹಾಸಲು ಗೋಣಿಚೀಲ ಒಯ್ಯಿರಿ. ಮೊದಲು ಸಿಲ್ ಉದ್ದಕ್ಕೂ ಅಯಸ್ಕಾಂತ ಸರಿಸಿ. ಹಿಡಿಯದ ಜಾಗದಲ್ಲಿ ಪುಟ್ಟಿ ಇದೆ, ಪತ್ರಾ ಇಲ್ಲ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪತ್ರಾ ಠಣ್ ಅನ್ನುತ್ತದೆ. ಕೊಳೆತದ್ದು ಬದ್ದೆನ್ನುತ್ತದೆ, ಒಳಗೆ ತುಕ್ಕಿನ ಹಪ್ಪಳ ಜರಜರ ಉದುರುವ ಸದ್ದೂ ಕೇಳುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಸುಲಭವಾಗಿ ಒಳಗೆ ಹೋದರೆ ಆ ತುಂಡು ಕತ್ತರಿಸಿ ತೆಗೆಯುವುದೇ ದಾರಿ. ಅಡಿಯಲ್ಲಿ ಡಾಂಬರಿನ ಕೋಟಿಂಗ್ ದಪ್ಪಗಿದ್ದರೆ ಅದನ್ನು ಕೆರೆದು ನೋಡಿ. ಡಾಂಬರು ನೆಟ್ಟಗೆ ನಿಂತಿರುತ್ತದೆ, ಹಿಂದಿನ ಪತ್ರಾ ಮಣ್ಣಾಗಿರುತ್ತದೆ.

ಬಾಗಿಲು ಮುಚ್ಚಿ ಸಂದು ನೋಡಿ. ಮೇಲೆ ಇಕ್ಕಟ್ಟು, ಕೆಳಗೆ ಅಗಲ ಆಗಿದ್ದರೆ ನಡುಭಾಗ ಕುಸಿಯುತ್ತಿದೆ. ಬಾಗಿಲು ತೆರೆದು ಹ್ಯಾಂಡಲ್ ಹತ್ತಿರ ಮೇಲಕ್ಕೆ ಎತ್ತಿ: ಹಿಂಜಿನ ಪಿನ್ ಸವೆದು ಅಲುಗಿದರೆ ಸಣ್ಣ ಕೆಲಸ, ಹಿಂಜಿನ ಜೊತೆ ಕಂಬವೇ ಅಲುಗಿದರೆ ದೊಡ್ಡ ಕೆಲಸ. ಹಿಂದಿನ ಪಾಟಾದ ಮುಂತುದಿ ಸೇರುವ ಜಾಗ, ಮುಂದಿನ ಸಸ್ಪೆನ್ಷನ್ ಕೂಡುವ ಜಾಗ, ಬ್ಯಾಟರಿ ತಟ್ಟೆ, ಡಿಕ್ಕಿಯ ನೆಲ, ಗಾಜಿನ ರಬ್ಬರಿನ ಕೆಳಮೂಲೆಗಳು ಇವನ್ನೂ ಬಿಡಬೇಡಿ.

ಗಾಡಿ ಎಲ್ಲಿ ನಿಂತಿತ್ತು ಅನ್ನುವುದರ ಮೇಲೆ ತುಕ್ಕಿನ ಜಾಗ ಬದಲಾಗುತ್ತದೆ. ಖಾನಾಪುರದ ಕಡೆಯ ಗಾಡಿಯಾದರೆ ಮಳೆಗೆ ಟಾಪಿನ ಅಂಚಿನಿಂದಲೇ ಶುರುವಾಗಿರುತ್ತದೆ. ವಿಜಯಪುರದ ಒಣ ಬಯಲಿನಲ್ಲಿ ನಿಂತದ್ದಾದರೆ ಪತ್ರಾ ಉಳಿದಿರುತ್ತದೆ, ಬಿಸಿಲಿಗೆ ರಬ್ಬರ್, ವೈರಿಂಗ್, ಸೀಟು ಹೋಗಿರುತ್ತವೆ. ನಿಮ್ಮದು ಕಬ್ಬಿನ ಸೀಮೆಯ ಎರಿ ಮಣ್ಣು. ಟೈರು ಇಳಿದು ಗಾಡಿ ತಗ್ಗಿದ್ದರೆ ಮಣ್ಣಿನ ತೇವ ನೇರ ನೆಲದ ಪತ್ರಾಕ್ಕೆ ಏರಿರುತ್ತದೆ. ಹಾಗಾಗಿ ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರ ಬಿದ್ದಲ್ಲೂ ಪತ್ರಾ ತಿಂದುಹೋಗಿರುತ್ತದೆ.

ನನ್ನ ಲೆಕ್ಕ ಹೀಗೆ: ನೆಲ ಮತ್ತು ಸಿಲ್ಲಿನ ಹೊರ ಪತ್ರಾ ಮಾತ್ರ ಹೋಗಿದ್ದರೆ ಧೈರ್ಯವಾಗಿ ಕೊಳ್ಳಿ. ಒಳ ಸಿಲ್, ಪಾಟಾದ ಬ್ರಾಕೆಟ್, ಮುಂದಿನ ಸಸ್ಪೆನ್ಷನ್ ಜಾಗ ಮೂರೂ ಹೋಗಿದ್ದರೆ ಬಿಡಿಭಾಗಕ್ಕೆ ಅಂತ ಗುಜರಿ ದರಕ್ಕೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ದುಡ್ಡು ಕೊಡುವ ಮುಂಚೆ ಕಾಗದ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. 1972ರ ನೋಂದಣಿಯ ಮೂಲ ದಾಖಲೆ ವಿಜಯಪುರದ ಆರ್‌ಟಿಒದಲ್ಲಿ ಇರುವ ಸಾಧ್ಯತೆಯೇ ಹೆಚ್ಚು, ಅಲ್ಲಿಂದ ವಿಚಾರಿಸಲು ಶುರು ಮಾಡಿ. ಮಾಲೀಕರು ತೀರಿಕೊಂಡಿರುವುದರಿಂದ ಮೊದಲು ಫಾರ್ಮ್ 31ರಲ್ಲಿ ಮಗನ ಹೆಸರಿಗೆ, ನಂತರ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ನೋಂದಣಿ ಅವಧಿ ಮುಗಿದಿರುತ್ತದೆ, ಅದನ್ನು ಫಾರ್ಮ್ 25ರಲ್ಲಿ ನವೀಕರಿಸಬೇಕು. ಫಿಟ್‌ನೆಸ್ ಪಾಸಾದರೆ ಐದು ವರ್ಷಕ್ಕೆ ಸಿಗುತ್ತದೆ. ಇನ್ನೊಂದು ದಾರಿ 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ವಿ.ಎ. ಅಕ್ಷರಗಳಿರುವ ನಂಬರ್ ಕೊಡುತ್ತಾರೆ. ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಅವಧಿ. ಆದರೆ ಆ ನಂಬರಿನಲ್ಲಿ ದಿನಾ ಓಡಾಡುವಂತಿಲ್ಲ: ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ರವಿವಾರ ಗೋಕಾಕ ಫಾಲ್ಸಿಗೆ ಮನೆಯವರನ್ನು ಕರೆದುಕೊಂಡು ಹೋಗುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ಸರಿ.

ಇಂಜಿನ್ ನಂಬರ್, ಚಾಸಿಸ್ ನಂಬರ್ ಕಾಗದಕ್ಕೆ ತಾಳೆಯಾಗುತ್ತವೆಯೇ ನೋಡಿ. ಅಂದಿನ ಫಿಯೆಟ್‌ಗಳಿಗೆ ಡೀಸೆಲ್ ಇಂಜಿನ್ ಕೂಡಿಸುವ ರೂಢಿ ಇತ್ತು. ಹಾಗಾಗಿದ್ದರೆ ವಿಂಟೇಜ್ ನಂಬರಿನ ದಾರಿ ಮುಚ್ಚಿದಂತೆ. ಬಾಡಿಯಲ್ಲಿ ಹೊಡೆದ ಚಾಸಿಸ್ ನಂಬರಿನ ಮೇಲೆ ತುಕ್ಕು ಕೂತಿದ್ದರೆ ಗ್ರೈಂಡರ್ ಹಚ್ಚಲೇಬಾರದು. ಡೀಸೆಲ್ ಸವರಿ, ಹಿತ್ತಾಳೆ ಬ್ರಷ್‌ನಿಂದ ಕೈಯಲ್ಲೇ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದಿಟ್ಟುಕೊಳ್ಳಿ. ಆ ಅಂಕಿ ಅಳಿಸಿದರೆ ಗಾಡಿ ಎಷ್ಟೇ ಚೆಂದ ಆದರೂ ಆರ್‌ಟಿಒದಲ್ಲಿ ನಿಲ್ಲುವುದಿಲ್ಲ.

ಹಗ್ಗ ಕಟ್ಟಿ ಎಳೆದು ತರಬೇಡಿ. ಬ್ರೇಕ್ ಇಲ್ಲ, ಚಕ್ರ ಹಿಡಿದಿರಬಹುದು. ಫ್ಲಾಟ್‌ಬೆಡ್ ಗಾಡಿಯ ಮೇಲೆ ತನ್ನಿ, ಬೆಲ್ಟ್ ಆಕ್ಸಲ್‌ಗೆ ಬಿಗಿಯಿರಿ, ತುಕ್ಕಿನ ಬಾಡಿಗಲ್ಲ.

ಜಾಮ್ ಆದ ಇಂಜಿನ್‌ಗೆ ಸೆಲ್ಫ್ ಹೊಡೆಯಬೇಡಿ. ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 30 ಮಿಲಿ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮಸಮ ಬೆರೆಸಿ ಸುರಿಯಿರಿ, ಒಂದು ವಾರ ಬಿಡಿ, ನಡುವೆ ಮತ್ತೆ ಹಾಕಿ. ರಾಕರ್ ಕವರ್ ತೆಗೆದು ವಾಲ್ವ್‌ಗಳನ್ನು ಒಂದೊಂದಾಗಿ ಸುತ್ತಿಗೆಯ ಹಿಡಿಯಿಂದ ಒತ್ತಿ ನೋಡಿ. ವಾಲ್ವ್ ಅಂಟಿಕೊಂಡಿರುವಾಗ ಇಂಜಿನ್ ತಿರುಗಿಸಿದರೆ ಪುಶ್‌ರಾಡ್ ಬಾಗುತ್ತದೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ಒಂದೇ ಸಲ ಸುತ್ತು ಹೊಡೆಸುವ ಹಟ ಬೇಡ. ತಿರುಗಿದ ಮೇಲೆ ಕಂಪ್ರೆಷನ್ ಅಳೆಯಿರಿ: ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ಅನ್ನುವುದು ಮುಖ್ಯ. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂ. ನಮ್ಮ ಕಡೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿದ ಗಾಡಿಗಳೇ ಹೆಚ್ಚು. ಹೆಡ್ಡಿನ ನೀರಿನ ಕಿಂಡಿಗಳ ಸುತ್ತ ಅಲ್ಯುಮಿನಿಯಂ ತಿಂದಿರುವುದನ್ನು ಹೆಡ್ ಇಳಿಸಿದಾಗ ಖಂಡಿತ ನೋಡಿ.

ಈಗ ಬಾಡಿ. ಹೆಚ್ಚಿನ ದುಡ್ಡು, ಹೆಚ್ಚಿನ ತಪ್ಪು ಎರಡೂ ಇಲ್ಲೇ.

ಮೊದಲ ತಪ್ಪು, ಎರಡೂ ಸಿಲ್ ಒಟ್ಟಿಗೆ ಕತ್ತರಿಸುವುದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಕತ್ತರಿಸುವ ಮುಂಚೆ ಮುಂದಿನ ಕಂಬದಿಂದ ನಡುಗಂಬಕ್ಕೆ ಒಂದಿಂಚಿನ ಚೌಕ ಪೈಪನ್ನು ಅಡ್ಡ ವೆಲ್ಡ್ ಮಾಡಿ ಬಿಗಿಯಿರಿ. ಸ್ಟ್ಯಾಂಡುಗಳನ್ನು ಕೊಳೆತ ಜಾಕ್ ಪಾಯಿಂಟಿಗೆ ಕೊಡದೆ ಆಕ್ಸಲ್ ಮತ್ತು ಸಸ್ಪೆನ್ಷನ್ ಕೆಳಗೆ ಕೊಡಿ. ಬರೀ ಜಾಕ್ ಮೇಲಿರುವ ಗಾಡಿಯ ಕೆಳಗೆ ಯಾರೂ ಹೋಗಬಾರದು. ಒಂದೊಂದು ತುಂಡು ಟ್ಯಾಕ್ (ಚುಕ್ಕಿ ವೆಲ್ಡ್) ಮಾಡಿದ ಮೇಲೂ ಬಾಗಿಲು ತೂಗುಹಾಕಿ ಸಂದು ನೋಡಿ. ಪೂರ್ತಿ ವೆಲ್ಡ್ ಆದ ಮೇಲೆ ಬಾಗಿಲು ಕೂಡದಿದ್ದರೆ ಮತ್ತೆ ಕತ್ತರಿಸುವುದೇ ಗತಿ.

ಎರಡನೆಯದು, "ಮೇಲೊಂದು ಪತ್ರಾ ಹಚ್ಚಿ ಕೊಡ್ತೀನ್ರಿ" ಅನ್ನುವ ಮಾತಿಗೆ ಒಪ್ಪುವುದು. ತುಕ್ಕಿನ ಮೇಲೆ ಪತ್ರಾ ಹೊಚ್ಚಿದರೆ ನಡುವೆ ನೀರು ನಿಂತು ಎರಡು ಮಳೆಗಾಲದಲ್ಲಿ ಹೊಸದೂ ಹೋಗುತ್ತದೆ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅಂಚಿಗೆ ಅಂಚು ಕೂಡಿಸಬೇಕು. ನೆಲ, ಸಿಲ್‌ಗೆ 18 ಗೇಜ್, ಹೊರಗಿನ ಕಾಣುವ ಭಾಗಕ್ಕೆ 20 ಗೇಜ್ ಸಿಆರ್‌ಸಿಎ (ನುಣುಪಾದ ಉಕ್ಕಿನ) ಶೀಟು. ಕಡ್ಡಿಯ ಆರ್ಕ್ ವೆಲ್ಡಿಂಗ್ ಇಷ್ಟು ತೆಳುವಿಗೆ ತೂತು ಹೊಡೆಯುತ್ತದೆ. ತಂತಿ ತಾನೇ ಹೊರಬರುವ ಮಿಗ್ ವೆಲ್ಡಿಂಗ್ ಬೇಕು, 0.8 ಎಂಎಂ ತಂತಿ. ಇಂಚಿಗೊಂದು ಟ್ಯಾಕ್, ಒಂದು ಈ ತುದಿ, ಒಂದು ಆ ತುದಿ, ನಡುನಡುವೆ ಆರಲು ಬಿಡಿ. ಒಂದೇ ಎಳೆಯಲ್ಲಿ ವೆಲ್ಡ್ ಓಡಿಸಿದರೆ ಶೀಟು ಅಲೆ ಅಲೆಯಾಗುತ್ತದೆ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಸೀಟು ಹೊರಗಿರಬೇಕು, ನೀರಿನ ಬಕೆಟ್ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಬೇಕು, ಯಾಕೆಂದರೆ ಅಡಿಯ ಡಾಂಬರು ಹೊತ್ತಿಕೊಳ್ಳುತ್ತದೆ. ಸಿಲ್ಲಿನ ಕೆಳಗೆ ಕಂಪನಿ ಬಿಟ್ಟ ನೀರಿನ ತೂತುಗಳನ್ನು ಮುಚ್ಚಬೇಡಿ. ಬಣ್ಣ ಮುಗಿದ ಮೇಲೆ ಆ ಪೊಳ್ಳಿಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ.

ಬೆಳಗಾವಿಗೇ ಸಂಬಂಧಿಸಿದ ಒಂದು ಎಚ್ಚರಿಕೆ. ಫೌಂಡ್ರಿಗಳ ಊರಾದ್ದರಿಂದ "ಶಾಟ್ ಬ್ಲಾಸ್ಟ್ ಮಾಡಿಸಿಬಿಡಿ, ಅರ್ಧ ತಾಸಿನ ಕೆಲಸ" ಅಂತ ಯಾರಾದರೂ ಹೇಳುತ್ತಾರೆ. ಎರಕದ ಮಾಲಿಗೆ ಇರುವ ಆ ಉಕ್ಕಿನ ಗುಂಡುಗಳು ಬಾನೆಟ್, ಬಾಗಿಲಿನ ಪತ್ರಾವನ್ನು ಬಡಿದು ಹಿಗ್ಗಿಸುತ್ತವೆ, ಅದು ಮತ್ತೆ ಸಪಾಟಾಗುವುದಿಲ್ಲ. ಸಸ್ಪೆನ್ಷನ್ ಆರ್ಮ್, ಆಕ್ಸಲ್ ಕೇಸ್, ಚಕ್ರದ ಡಿಸ್ಕ್‌ಗೆ ಅದು ಒಳ್ಳೆಯದು. ತೆಳು ಪತ್ರಾಕ್ಕೆ ಪೇಂಟ್ ರಿಮೂವರ್ ಮತ್ತು ಕೈಕೆಲಸವೇ ಸೈ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ನೀರು ಹಾಕಿ ಉಜ್ಜಿಸಿ, ಮಾಸ್ಕ್ ಹಾಕಿಸಿ.

ಸಣ್ಣ ಕಬ್ಬಿಣದ ಭಾಗಗಳಿಗೆ, ಅಂದರೆ ಬ್ರಾಕೆಟ್, ಹಿಂಜ್, ಬ್ರೇಕ್ ಡ್ರಮ್‌ಗಳಿಗೆ, ಕಾಕಂಬಿಯಷ್ಟು (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಅಗ್ಗದ ಮದ್ದು ಬೇರೆ ಇಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ ಎರಡು ಮೂರು ವಾರ ಬಿಡಿ. ಅದು ತುಕ್ಕನ್ನು ಮಾತ್ರ ಕರಗಿಸುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಹೆಚ್ಚು ಕೈ ಹಚ್ಚುವುದಿಲ್ಲ. ಅಲ್ಯುಮಿನಿಯಂ, ಸತುವಿನ ಎರಕ ಹಾಕಿದರೆ ತಿಂದುಹಾಕುತ್ತದೆ, ಆದ್ದರಿಂದ ಕಾರ್ಬ್ಯುರೇಟರ್ ಅದರ ಹತ್ತಿರವೂ ಸುಳಿಯಬಾರದು. ಸಕ್ಕರೆ ಕಾರ್ಖಾನೆಯ ಕಾಕಂಬಿ ಅಬಕಾರಿ ನಿಯಂತ್ರಣದಲ್ಲಿದೆ, ಬ್ಯಾರಲ್ ಗಟ್ಟಲೆ ತರಲು ಹೋಗಬೇಡಿ. ಪಶು ಆಹಾರದವರ ಹತ್ತಿರ ವಿಚಾರಿಸಿ. ನಾತ ಜೋರಾಗಿರುತ್ತದೆ, ಮನೆಯಿಂದ ದೂರ ಇಡಿ. ತೆಗೆದ ಕೂಡಲೇ ತೊಳೆದು, ಒರೆಸಿ, ಅಂದೇ ಪ್ರೈಮರ್.

ಬ್ರೇಕಿನಲ್ಲಿ ಉಳಿತಾಯ ಬೇಡ. ಹಳೆಯ ಫಿಯೆಟ್‌ಗೆ ನಾಲ್ಕೂ ಡ್ರಮ್, ಎಲ್ಲಕ್ಕೂ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ಪೆಡಲ್ ನೆಲಕ್ಕೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಕುಳಿ ಇದ್ದರೆ ರಬ್ಬರ್ ಕಿಟ್ ಸಾಲದು, ಸಿಲಿಂಡರೇ ಬದಲಾಗಬೇಕು. ಹೋಸ್, ಪೈಪ್ ಎಲ್ಲ ಹೊಸದು. ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಸಬೇಡಿ, ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಈಗ ಶೇಕಡಾ 20 ಎಥನಾಲ್ ಬೆರೆಸಿದ್ದು. ಅದು ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಾಂ ಮೆದುವಾಗಿಸುತ್ತದೆ, ನೀರನ್ನೂ ಹೀರುತ್ತದೆ. ಎಥನಾಲ್ ತಾಳುವ ಹೋಸ್ ಕೇಳಿ ತನ್ನಿ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ. ಹಳೆಯ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ, ಖಾಲಿ ಟ್ಯಾಂಕೇ ಸಿಡಿಯುವುದು. ವೈರಿಂಗ್ ತೇಪೆ ಹಾಕದೆ ಪೂರ್ತಿ ಹೊಸದು ಮಾಡಿಸಿ, ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಕೂಡಿಸಿ.

ಬಿಡಿಭಾಗದ ಚಿಂತೆ ಕಡಿಮೆ. ಇದೇ ಬಾಡಿ ಮುಂದೆ ಪದ್ಮಿನಿ ಹೆಸರಲ್ಲಿ ಸುಮಾರು 2000ದವರೆಗೆ ಬಂತು, ಮುಂಬೈಯಲ್ಲಿ ಟ್ಯಾಕ್ಸಿಯಾಗಿ 2023ರವರೆಗೂ ಓಡಿತು. ಯಾಂತ್ರಿಕ ಭಾಗ ಕೊಲ್ಹಾಪುರದಲ್ಲಿ ಮೊದಲು ಕೇಳಿ, ಆಮೇಲೆ ಮುಂಬೈ. ಗ್ರಿಲ್, ಬ್ಯಾಡ್ಜ್, ಲೈಟಿನ ರಿಂಗ್ ಮಾತ್ರ ವರ್ಷದಿಂದ ವರ್ಷಕ್ಕೆ ಬೇರೆ. ಶೆಡ್ಡಿನ ಮೂಲೆಯಲ್ಲಿ ಬಿದ್ದದ್ದನ್ನೆಲ್ಲ, ಮುರಿದದ್ದನ್ನೂ ಸೇರಿಸಿ, ಕೊಳ್ಳುವ ದಿನವೇ ಕೇಳಿ ಪಡೆಯಿರಿ. ಬಿಚ್ಚುವಾಗ ಪ್ರತಿ ಹಂತದ ಫೋಟೊ, ಪ್ರತಿ ನಟ್ಟು ಬೋಲ್ಟಿಗೆ ಹೆಸರು ಬರೆದ ಚೀಲ.

ದಸರಾದ ಮಾತು. ಬಾಡಿಯಲ್ಲಿ ಇಷ್ಟು ಕೆಲಸ ಇದ್ದರೆ ಮುಂದಿನ ದಸರಾಕ್ಕೆ ಆಗುವುದಿಲ್ಲ, ಆಗಿಸಲೂಬೇಡಿ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್ ಹವೆಯಲ್ಲಿ ಬರಿಲೋಹದ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕೆಂಪು ಮೂಡುತ್ತದೆ, ಪ್ರೈಮರ್ ಕೆಳಗೆ ತೇವ ಸಿಕ್ಕಿಕೊಂಡರೆ ಮುಂದಿನ ವರ್ಷ ಗುಳ್ಳೆ ಏಳುತ್ತದೆ. ಮಳೆಗಾಲವನ್ನು ಇಂಜಿನ್, ಗೇರ್‌ಬಾಕ್ಸ್, ಬ್ರೇಕ್, ಕಾಗದಪತ್ರಕ್ಕೆ ಕೊಡಿ. ವೆಲ್ಡಿಂಗ್ ಮಾಡಿದಷ್ಟು ಭಾಗಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಲಿ. ಪುಟ್ಟಿ ಅದರ ಮೇಲೆ, ತೆಳ್ಳಗೆ, ಬರಿಲೋಹದ ಮೇಲಲ್ಲ. ಬಣ್ಣ ದೀಪಾವಳಿ ಕಳೆದು ಹವೆ ಒಣಗಿದ ಮೇಲೆ.