ಒಲೆಯಿಲ್ಲದ ಕೋಣೆಯಲ್ಲಿ ಡಬ್ಬಿಯ ಕಡಲೆ, ಡಬ್ಬಿಯ ಅನಾನಸ್

ಕೆಲಸದ ನಿಮಿತ್ತ ಶಿವಮೊಗ್ಗಕ್ಕೆ ಬಂದು ಒಲೆಯಿಲ್ಲದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದೀರಿ, ಅಡುಗೆಯೆಂದರೆ ಬೇಸರ, ಇರುವುದು ಮೈಕ್ರೋವೇವ್ ಒಂದೇ. ಡಬ್ಬಿಯಲ್ಲಿ ಸಿಗುವ ಆಹಾರದಿಂದ ಊಟಕ್ಕೆ ಏನು ಮಾಡಿಕೊಳ್ಳಬಹುದು ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, ಇದೇ ಊರಿನಲ್ಲಿ ಮೂರು ಮಳೆಗಾಲ ಹೀಗೆಯೇ ಕಳೆದಿದ್ದೇನೆ. ಮಾಡಿ ಉಂಡದ್ದನ್ನಷ್ಟೇ ಬರೆಯುತ್ತೇನೆ.

ಡಬ್ಬಿಯೊಳಗಿನ ಕಾಳು ಬೆಂದೇ ಇರುತ್ತದೆ. ಮುಚ್ಚಳ ಬಿಗಿದ ಮೇಲೆ ಡಬ್ಬಿಯನ್ನು ಒತ್ತಡದ ಉಗಿಯಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿರುತ್ತಾರೆ. ಅದು ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಅದರಿಂದಲೇ. ಆದ್ದರಿಂದ ನಮ್ಮ ಪಾಲಿಗೆ ಉಳಿಯುವುದು ಹದವಾಗಿ ಬಿಸಿ ಮಾಡುವುದು ಮತ್ತು ಉಪ್ಪು, ಹುಳಿ, ಖಾರ ಹೊಂದಿಸುವುದು ಮಾತ್ರ.

ಕಾಬೂಲಿ ಕಡಲೆಯಿಂದ ಆರಂಭಿಸಿ. 400 ಗ್ರಾಂ ಡಬ್ಬಿಯ ನೀರು ಬಸಿದರೆ ಸುಮಾರು 240 ಗ್ರಾಂ ಕಾಳು ಸಿಗುತ್ತದೆ, ಒಬ್ಬರಿಗೆ ಎರಡು ಹೊತ್ತಿಗೆ ಸಾಕು. ಅದರ ನೀರಿನಲ್ಲಿ ಉಪ್ಪು ಹೆಚ್ಚಿರುವುದರಿಂದ ಕಾಳನ್ನು ಎರಡು ಸಲ ತೊಳೆದು, ಗಾಜಿನ ಬಟ್ಟಲಿಗೆ ಹಾಕಿ, ಅರ್ಧ ಲೋಟ ನೀರು, ಒಂದು ಚಮಚ ಸಾರಿನ ಪುಡಿ, ಸ್ವಲ್ಪ ಹುಣಸೆ ರಸ, ಅಡಿಕೆಯಷ್ಟು ಬೆಲ್ಲ ಸೇರಿಸಿ. ಮೇಲೆ ಮುಚ್ಚಳವನ್ನು ಓರೆಯಾಗಿಟ್ಟು 800 ವ್ಯಾಟ್‌ನಲ್ಲಿ ಎರಡು ನಿಮಿಷ ಕಾಯಿಸಿ, ತೆಗೆದು ಅಡಿಯಿಂದ ಕಲಕಿ, ಮತ್ತೆ ಒಂದೂವರೆ ನಿಮಿಷ ಕಾಯಿಸಿ, ಎರಡು ನಿಮಿಷ ಮುಟ್ಟದೆ ಬಿಡಿ. ಮೈಕ್ರೋವೇವ್‌ನ ಅಲೆಗಳು ಪೆಟ್ಟಿಗೆಯೊಳಗೆ ಒಂದೇ ಸಮ ಹರಡುವುದಿಲ್ಲ. ಅಂಚಿನಲ್ಲಿ ಗುಳ್ಳೆ ಏಳುತ್ತಿರುವಾಗಲೇ ನಡುವೆ ತಣ್ಣಗಿರುತ್ತದೆ. ಕಲಕುವುದನ್ನು ತಪ್ಪಿಸಬೇಡಿ. ನಾನು ಮೊದಲ ವಾರ ನೀರೂ ಹಾಕದೆ, ಮುಚ್ಚಳವನ್ನೂ ಇಡದೆ ಕಡಲೆ ಕಾಯಿಸಿದೆ. ಒಂದೊಂದೇ ಕಾಳು ಪಟ್ ಪಟ್ ಎಂದು ಸಿಡಿದು ಪೆಟ್ಟಿಗೆಯ ಒಳಗೋಡೆಗೆಲ್ಲ ಅಂಟಿಕೊಂಡಿತು. ನಿಂಬೆಹಣ್ಣಿನ ನೀರನ್ನು ಒಳಗಿಟ್ಟು ಕುದಿಸಿ ಒರೆಸುವುದರಲ್ಲಿ ರಾತ್ರಿ ಹತ್ತು ಗಂಟೆಯಾಯಿತು.

ಒಗ್ಗರಣೆಯ ವಿಷಯದಲ್ಲಿ ಮೈಕ್ರೋವೇವ್ ಸೋಲುತ್ತದೆ. ಎಣ್ಣೆ ನೀರಿನಷ್ಟು ಬೇಗ ಕಾಯುವುದಿಲ್ಲ, ಸಾಸಿವೆ ಸಿಡಿಯುವುದನ್ನು ಕಾಯುತ್ತ ಕೂತರೆ ಬಟ್ಟಲು ಕೈ ಸುಡುತ್ತದೆ. ಕರಿಬೇವಿನೆಲೆಗಳಿಗೆ ಎಣ್ಣೆ ಸವರಿ ಅರ್ಧ ಅರ್ಧ ನಿಮಿಷ ನೋಡಿಕೊಂಡು ಇಟ್ಟರೆ ಗರಿಗರಿಯಾಗುತ್ತವೆ, ಅವನ್ನು ಪುಡಿಮಾಡಿ ಮೇಲೆ ಉದುರಿಸಿದರೆ ಮುಗಿಯಿತು. ಜೊತೆಗೆ ಅನ್ನ ಬೇಕಾದರೆ ನೆನೆಸಿದ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಹಾಕಿ, ಉಕ್ಕಿ ಚೆಲ್ಲದಂತೆ ದೊಡ್ಡ ಪಾತ್ರೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ಅದೂ ಬೇಸರವಾದರೆ ತೆಳು ಅವಲಕ್ಕಿ ಇದ್ದೇ ಇದೆ.

ಮಲೆನಾಡಿನ ಅಡುಗೆಯಲ್ಲಿ ಒಲೆಯನ್ನೇ ಕೇಳದ ಪದಾರ್ಥಗಳಿವೆ ಎಂಬುದನ್ನು ಮರೆಯಬೇಡಿ. ಡಬ್ಬಿಯ ಅನಾನಸ್ ಹೋಳುಗಳ ಸಕ್ಕರೆ ಪಾಕವನ್ನು ಬಸಿದು, ಸಣ್ಣಗೆ ಹೆಚ್ಚಿ, ಕುಟ್ಟಿದ ಅರ್ಧ ಚಮಚ ಸಾಸಿವೆ, ಹಸಿಮೆಣಸು, ಉಪ್ಪು, ಎರಡು ಚಮಚ ಗಟ್ಟಿ ತೆಂಗಿನ ಹಾಲು ಮತ್ತು ಮೊಸರು ಕಲಸಿದರೆ ನಮ್ಮ ಕಡೆ ಸಾಸಿವೆ ಎಂದೇ ಕರೆಯುವ ಮೊಸರಿನ ಪದಾರ್ಥ ಸಿದ್ಧ. ಕಾಯಿ ರುಬ್ಬದ ಇದನ್ನು ನಮ್ಮಮ್ಮ ಸಾಸಿವೆಯೆಂದು ಒಪ್ಪುವುದಿಲ್ಲ, ಆದರೆ ಜುಲೈ ತಿಂಗಳಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ನನ್ನ ಊಟ ನಡೆದದ್ದು ಇದರಿಂದಲೇ. ಮೀನು ತಿನ್ನುವವರಾದರೆ ಡಬ್ಬಿಯ ಟ್ಯೂನಾಕ್ಕೆ ಈರುಳ್ಳಿ, ನಿಂಬೆರಸ, ಮೆಣಸಿನ ಪುಡಿ ಸಾಕು. ಕಾಯಿಸಿದರೆ ಕೋಣೆಯೆಲ್ಲ ಎರಡು ದಿನ ನಾರುತ್ತದೆ.

ಡಬ್ಬಿಯನ್ನು ಎಂದಿಗೂ ಹಾಗೆಯೇ ಒಳಗಿಡಬೇಡಿ. ಸ್ಟೀಲ್ ಬಟ್ಟಲು, ಬಂಗಾರದ ಗೆರೆಯ ತಟ್ಟೆ ಕೂಡ ಕಿಡಿ ಹಾರಿಸುತ್ತವೆ. ಇಲ್ಲಿನ ಥಂಡಿಗೆ ಡಬ್ಬಿಯ ಅಂಚು ಬೇಗ ತುಕ್ಕು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುವ ತುಕ್ಕಿಗೆ ಹೆದರಬೇಕಿಲ್ಲ, ಆದರೆ ತಗಡನ್ನು ತಿಂದ ತುಕ್ಕು, ಉಬ್ಬಿದ ಮುಚ್ಚಳ, ಸೋರಿಕೆ, ತೆರೆದಾಗ ಬುಸ್ಸೆಂದು ಚಿಮ್ಮುವ ನೀರು ಕಂಡರೆ ರುಚಿ ನೋಡುವ ಗೋಜಿಗೂ ಹೋಗದೆ ಎಸೆದುಬಿಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬೊಟುಲಿನಮ್ ಎಂಬ ರೋಗಾಣುವಿನ ವಿಷ ಜೀವ ತೆಗೆಯುವಂಥದ್ದು. ತೆರೆದು ಉಳಿದ ಕಡಲೆಯನ್ನು ಗಾಜಿನ ಡಬ್ಬಕ್ಕೆ ಸುರಿದು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಫ್ರಿಜ್ ಇಲ್ಲದಿದ್ದರೆ ಚಿಕ್ಕ ಡಬ್ಬಿಯನ್ನೇ ಕೊಳ್ಳಿ.